ಕುರ್ಚಿ ಕ್ಲಾಸು

ಪರದೆ ಅಲ್ಲಾಡ್ತು, ಯಾರೂ ಹೊರಗ ಬರಲಿಲ್ಲ, ಬರೇ ಫ್ಯಾನಿನ ಗಾಳಿ, ಹಸಿರು ಪರದೆ ಒಂದಿಷ್ಟು ಉಬ್ಬಿ ಮತ್ತ ಬಾಗಲಕ್ಕ ಅಂಟಿಕೊಂತು, ಫಿನಾಯಿಲ್ ವಾಸನಿ, ಹೊಸ ಸುಣ್ಣದ ವಾಸನಿ, ಒಳಗ ಯಾರೋ ಗಂಟಲು ಸರಿಮಾಡಿಕೊಂಡ್ರು — ಗಂಡಸು, ಸ್ಕೂಲು ನಡಸೋ ಟ್ರಸ್ಟಿನ ಸೆಕ್ರೆಟರಿನೇ ಇರಬೇಕು ಅಂದುಕೊಂಡ್ಳು ಗಂಗಾಂಬಿಕಾ, ದೊಡ್ಡ ಮನುಷ್ಯಾರು ಹಿಂಗ ಗಂಟಲು ಸರಿಮಾಡಿಕೊಂಡ್ರ ಸಾಕು ನಮ್ಮ ಹುಡುಗ್ರಿಗೆ ಅರ್ಧ ಜೀವ ಹೋಗ್ತೈತಿ, ಅಯ್ಯ, ಎಲ್ಲಾ ಹೇಳಿಕೊಟ್ಟೆ, ಇದೊಂದನ್ನ ಹೇಳಿಕೊಡಲೇ ಇಲ್ಲಲ್ಲ, ಯಾರರ ಕೆಮ್ಮಿದ್ರ ಹೆದರಬ್ಯಾಡ, ಅವರಿಗೂ ನೆಗಡಿ ಆಗ್ತೈತಿ ಅಂತ. ಹರಪನಹಳ್ಳಿಯ ಈ ನರ್ಸಿಂಗ್ ಸ್ಕೂಲಿನ ವರಾಂಡದ ತುಂಬ ಇಂಟರ್‌ವ್ಯೂಗೆ ಬಂದ ಹುಡುಗೇರು, ಕಲ್ಲುಕಟ್ಟಿ ಮ್ಯಾಲ ಒಬ್ಬರಿಗೊಬ್ಬರು ಅಂಟಿಕೊಂಡು ಕುಂತಾರ, ಎಲ್ಲಾರ ತಲಿಗೂ ಎಣ್ಣಿ, ಎಲ್ಲಾರ ಕೈಯಾಗೂ ಪ್ಲಾಸ್ಟಿಕ್ ಕವರು, ಊಟ ಹಾಸ್ಟೆಲ್ಲು ಸಮೇತ ಫ್ರೀ ಸೀಟು ಇರೋದು ಎರಡೇ ಎರಡು, ಅದರಾಗ ಒಂದು ನಮ್ಮ ಮಾರೆಮ್ಮಗ ಬರಬೇಕು, ಬರ್ಲೇಬೇಕು, ಬರದಿದ್ರ — ಬ್ಯಾಡ, ಆ ಮಾತು ಈಗ ಬ್ಯಾಡ. ಮಾರೆಮ್ಮ ಕಂಬಕ್ಕ ಒರಗಿ ನಿಂತಾಳ, ಹಗರಿಬೊಮ್ಮನಹಳ್ಳಿ ಕಾಲೇಜಿನಾಗ ಎರಡನೇ ಪಿಯುಸಿ ಮುಗಿಸಿದ ಹುಡುಗಿ, ಬಯಾಲಜಿಯಾಗ ಕಾಲೇಜಿಗೇ ಮೊದಲು, ಅಲ್ಲಿ ಗೋಡಿ ಬುಡಕ್ಕ ಕುಕ್ಕರಗಾಲಿನಾಗ ಕುಂತಾನಲ್ಲ, ಅವ ಅಕಿ ಅಪ್ಪ ಜೋಗಪ್ಪ, ತಂಬ್ರಹಳ್ಳಿ ಪಂಚಾಯ್ತಿಯ ನೀರಗಂಟಿ, ಇಡೀ ಊರಿಗೆ ನಳದ ನೀರು ಬಿಡೋ ಮನುಷ್ಯ, ಬರ್ರಿ ಜೋಗಪ್ಪ ಕಟ್ಟಿ ಮ್ಯಾಲ ಕುಂಡ್ರಬರ್ರಿ ಅಂದ್ರ ಇರ್ಲಿ ಬಿಡ್ರಿ ಮೇಡಮ್ಮೋರ ಇಲ್ಲೇ ತಂಪೈತಿ ಅಂತಾನ, ಮೇ ತಿಂಗಳ ಹರಪನಹಳ್ಳಿಯಾಗ ಎಲ್ಲೀ ತಂಪು, ಏನು ತಂಪು! ಅವನ ತಲಿಯಾಗ ಇರೋದು ಬ್ಯಾರೇನೇ, ಸೋಮವಾರದ ಚಿಂತಿ, ಊರಿನ ಅಂಗನವಾಡಿಗೆ ಸಹಾಯಕಿ ಬೇಕಂತ, ಪಂಚಾಯ್ತಿ ಮೆಂಬರ್ ಬೊಮ್ಮಪ್ಪ ಹೇಳ್ಯಾನ, ನಿನ್ನ ಮಗಳು ಬರಂಗಿದ್ರ ಸೋಮವಾರ ಬಂದು ಹೇಳು, ಇಲ್ಲಂದ್ರ ಬ್ಯಾರೇರ್ನ ತಗಂತೀವಿ ಅಂತ, ಈ ಸೀಟು ಸಿಗಲಿಲ್ಲಂದ್ರ ಅಕಿ ಅಲ್ಲಿಗೇ ಹೋಗ್ತಾಳ ನೋಡ್ರಿ ಮೇಡಮ್ಮೋರ, ಆಮ್ಯಾಲ ನೀವು ಓದು ಗೀದು ಅಂತ ನಮ್ಮ ಮನಿ ಕಡಿ ಬರಬ್ಯಾಡ್ರಿ, ಬಂದ್ರ ನನಗ ನಿಮ್ಮ ಮುಖ ನೋಡಾಕ ಆಗಂಗಿಲ್ಲ — ಹಂಗಂದಿದ್ದ ಜೋಗಪ್ಪ ಬಸ್ಸಿನಾಗ, ಕೊಟ್ಟೂರು ದಾಟಿದ ಮ್ಯಾಲ, ಕಿಟಕಿ ಕಡಿ ಮುಖ ಮಾಡಿಕೊಂಡು. ಅಂಗನವಾಡಿ ಕೆಲಸ ಕೆಟ್ಟದ್ದೇನಲ್ಲ, ಆದ್ರ ಲ್ಯಾಬಿಗೆ ಕರಕೊಂಡು ಹೋಗಿ ಕೊಯ್ದ ಕಪ್ಪೆಯ ಹೃದಯ ತೋರಿಸಿ ಇಲ್ಲಿ ನೋಡ್ರಿ ಮೇಡಂ ಇನ್ನೂ ಬಡಕೊಳ್ಳಾಕತ್ತೈತಿ ಅಂತ ಕುಣಿದಾಡಿದ ಹುಡುಗಿ ಜೀವನಪೂರ್ತಿ ಉಪ್ಪಿಟ್ಟು ತಿರುವಿಕೋತ ಇರಬೇಕಂದ್ರ ಗಂಗಾಂಬಿಕಾಗ ಹೊಟ್ಟಿ ಉರೀತೈತಿ.

ಕೊಟ್ಟೂರಿನ ಕಿರಾಣಿ ಅಂಗಡಿ ಮನಿಯಾಗ ಹುಟ್ಟಿದಾಕಿ ಗಂಗಾಂಬಿಕಾ, ಅಲ್ಲಿ ಹೆಣ್ಮಕ್ಕಳು ಅಂಗಡಿ ಗಾದಿ ಮ್ಯಾಲ ಕುಂಡ್ರಂಗಿದ್ದಿಲ್ಲ, ಅವ್ವ ನಾಗಲಿಂಗಮ್ಮ ಗಿರಾಕಿಗೆ ಸಕ್ಕರಿ ತೂಗಿ ಕೊಡೋದು ನಿಂತುಕೊಂಡೇ, ಕಾಲು ಬಾವು ಬಂದ್ರೂ ನಿಂತುಕೊಂಡೇ, ಖಾಲಿ ಗಾದಿ ಮಗ್ಗಲಾಗೇ ಇರ್ತಿತ್ತು. ಹಗರಿಬೊಮ್ಮನಹಳ್ಳಿ ಕಾಲೇಜಿಗೆ ಎಕನಾಮಿಕ್ಸ್ ಲೆಕ್ಚರರ್ ಆಗಿ ಬಂದಾಗಿಂದ ಬೇಡಿಕೆ ಪೂರೈಕೆ ಅಂತ ಬೋರ್ಡಿನ ತುಂಬ ಗೆರೆ ಎಳದದ್ದೇ ಎಳದದ್ದು, ಹುಡುಗ್ರು ಪಾಸಾಗ್ತಿದ್ರು, ಪಾಸಾಗಿ ಹೋದವರು ಮುಂದ ಏನಾದ್ರು ಅಂತ ಕೇಳಿದವರ್ಯಾರು, ಅಷ್ಟರಾಗ ಸಿದ್ದಲಿಂಗನ ಕಥಿ ಆತು, ಒಳ್ಳೇ ಮಾರ್ಕ್ಸಿನ ಹುಡುಗ, ಬಳ್ಳಾರಿಗೆ ಯಾವುದೋ ಕಂಪನಿ ಇಂಟರ್‌ವ್ಯೂಗೆ ಹೋಗಿದ್ದ, ಬಾ ತಮ್ಮಾ ಕೂತ್ಕೋ ಅಂದ್ರಂತ ಸಾಹೇಬ್ರು, ಇವ ಕುರ್ಚಿ ಮಗ್ಗಲಾಗ ನೆಲದ ಮ್ಯಾಲ ಚಕ್ಕಳಮಕ್ಕಳ ಹಾಕಿಕೊಂಡು ಕುಂತುಬಿಟ್ಟನಂತ! ದೊಡ್ಡೋರ ಮುಂದ ಕುಂಡ್ರು ಅಂದ್ರ ನೆಲಕ್ಕ ಕುಂಡ್ರೋದೇ ಅಲ್ಲೇನ್ರಿ ಮೇಡಂ, ಮನಿಯಾಗ, ಮಠದಾಗ, ಗೌಡ್ರ ಕಟ್ಟಿ ಮುಂದ ಎಲ್ಲಾ ಕಡಿ ಹಂಗೇ ಅಲ್ರೀ, ಸಾಹೇಬ್ರು ಬಿದ್ದು ಬಿದ್ದು ನಕ್ರು ಅಂತ ತಾನೂ ನಕ್ಕೋತ ಹೇಳಿದ, ಆಮ್ಯಾಲ ಚಹಾದ ಲೋಟ ತಿರುವಿಕೋತ ಕುಂತ, ಈಗ ಟೆಂಪೋ ಹೊಡೀತಾನ, ಆರಾಮ ಅದಾನ, ಸಿಕ್ಕಾಗೆಲ್ಲ ಬರ್ರಿ ಮೇಡಂ ಮುಂದ ಕುಂಡ್ರ್ರಿ ಅಂತ ಬಾಗಲ ತಗೀತಾನ, ಆದ್ರ ಅವತ್ತು ಅವ ಹಂಗ ಲೋಟ ತಿರುವಿದ್ದು ಗಂಗಾಂಬಿಕಾನ ಎದಿಯಾಗ ಮುಳ್ಳಿನಂಗ ಕುಂತುಬಿಟ್ಟಿತ್ತು. ಮುಂದಿನ ಶನಿವಾರನೇ ಶುರು, ಮಧ್ಯಾಹ್ನ ಕಾಲೇಜು ಬಿಟ್ಟ ಮ್ಯಾಲ, ಲ್ಯಾಬಿನ ಮಗ್ಗಲ ರೂಮಿನಾಗ, ಸಿಲಬಸ್ಸಿಲ್ಲ ಪುಸ್ತಕಿಲ್ಲ, ನಡುವ ಒಂದು ಬೆತ್ತದ ಕುರ್ಚಿ, ಬಾ, ಕುಂಡ್ರು. ಅಷ್ಟೇ ಪಾಠ. ಪ್ರಿನ್ಸಿಪಾಲ್ ಹಾಲಸ್ವಾಮಿ ಬಾಗಲದಾಗ ತಲಿ ಹಾಕಿ ಏನ್ರೀ ಮೇಡಂ ಮ್ಯೂಸಿಕಲ್ ಚೇರ್ ಆಡಸ್ತೀರೇನು, ಹಾಡು ಯಾವಾಗ ಹಚ್ಚ್ತೀರಿ ಅಂದ್ರು, ಸ್ಟಾಫ್ ರೂಮಿನಾಗ ಕುರ್ಚಿ ಕ್ಲಾಸು ಅಂತ ಹೆಸರಿಟ್ರು, ಕುಂಡ್ರಾಕ ಯಾರರ ಕಲಸ್ತಾರೇನ್ರೀ ಅಂತ ಆಡಿಕೊಂಡು ನಕ್ಕರು, ನಗ್ರಿ, ನಗ್ರಿ, ನಿಮ್ಮಪ್ಪ ನಿಮಗ ಹುಟ್ಟಿದಾಗಿಂದ ಕುರ್ಚಿ ಹಾಕಿಕೊಟ್ಟಾನ, ನಿಮಗೇನು ಗೊತ್ತು.

ಮತ್ತ ಕುಂಡ್ರೋದು ಅಂದ್ರ ಸುಲಭ ಅಂತ ಮಾಡೀರೇನು, ಒಬ್ಬ ಕುರ್ಚಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡ, ಒಬ್ಬಾಕಿ ತುದಿಗೆ ಕುಂತು ಕೋಳಿ ಹಂಗ ಹಾರಾಕ ತಯಾರಾಗಿದ್ಳು, ಪುಷ್ಪಲತಾ ಅಂತೂ ಕುಂತಕೂಡಲೇ ಅತ್ತುಬಿಟ್ಳು, ಉಳಿದ ಹುಡುಗ್ರಿಗೆ ನಿನ್ನ ಬಗ್ಗೆ ಹೇಳು ಅಂದ್ರ ನಾನು ಹಂಪಸಾಗರದ ಮಂಜಣ್ಣನ ಮಗಾರೀ, ನಮ್ಮಜ್ಜ ದೊಡ್ಡ ಕೋಲಾಟದಾಂವರೀ, ನಮ್ಮ ಮನಿದೇವ್ರು ಅಂತ ಶುರು ಮಾಡಿ ಮನಿದೇವ್ರಲ್ಲೇ ನಿಂತುಬಿಡೋರು, ತಾವು ಅನ್ನೋರು ಆ ಮಾತಿನಾಗ ಎಲ್ಲೂ ಬರ್ತಿರಲಿಲ್ಲ, ಅಜ್ಜನ್ನ ಬಿಡೋ ಮಾರಾಯ, ನೀನು ಯಾರು, ನಿನಗೇನು ಬರ್ತೈತಿ ಹೇಳು! ಮಾರೆಮ್ಮ ಮೊದಲನೇ ದಿವಸ ಕುರ್ಚಿ ಹತ್ತಿರಾನೂ ಬರಲಿಲ್ಲ, ಅದು ನೀವು ಕುಂಡ್ರೋದರೀ ಅಂದ್ಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಅಂದ್ಳು, ಹಿರಿಯಾರ ಮುಂದ ಮಾತಾಡುವಾಗ ಉಸಿರು ತಾಕಬಾರದಂತ, ಅವರ ಓಣಿಯಾಗ ಸಣ್ಣ ಕೂಸಿಗೇ ಅದನ್ನ ಕಲಸ್ತಾರ, ಗಂಗಾಂಬಿಕಾಗ ಸಿಟ್ಟು ಬಂತು, ಹುಡುಗಿ ಮ್ಯಾಲಲ್ಲ, ಕಲಿಸಿದವರ ಮ್ಯಾಲೂ ಅಲ್ಲ, ಅದನ್ನ ಕಲಿಯೋಹಂಗ ಮಾಡಿದವರ ಮ್ಯಾಲ, ಆ ಸಿಟ್ಟಿಗೆ ತಾನೇ ನೆಲದ ಮ್ಯಾಲ ಕುಂತುಬಿಟ್ಳು, ಈಗರ ಕುಂಡ್ರಲೇ ಅಂದ್ಳು, ಮಾರೆಮ್ಮ ಗಾಬರಿಯಾಗಿ ಅಕಿ ಎದುರಿಗೆ ನೆಲಕ್ಕ ಕುಂತ್ಳು, ಕುರ್ಚಿ ನಡುವ ಖಾಲಿ, ಹುಡುಗ್ರೆಲ್ಲಾ ಹೊಟ್ಟಿ ಹಿಡಕೊಂಡು ನಕ್ಕರು, ಇವರಿಬ್ರೂ ನಕ್ಕರು. ದೀಪಾವಳಿ ಮುಗಿದ ಮ್ಯಾಲ ಮಾರೆಮ್ಮ ಕುರ್ಚಿ ತುದಿಗೆ ಕುಂಡ್ರಾಕ ಹತ್ತಿದ್ಳು, ಸಂಕ್ರಾಂತಿ ಹೊತ್ತಿಗೆ ಬೆನ್ನು ಹಚ್ಚಿದ್ಳು, ಬಾಯಿ ಮ್ಯಾಲಿಂದ ಕೈ ಇಳೀತು, ಎರಡೂ ಕೈ ತೊಡಿ ಮ್ಯಾಲ, ಕುಂಡ್ರು ಅನ್ನದಿದ್ರ ನೀನೇ ಕೇಳಬೇಕು, ಕುಂಡ್ರಬಹುದೇನ್ರಿ ಅಂತ, ಕೇಳಿದ್ರ ಯಾರೂ ಹೊಡ್ಯಂಗಿಲ್ಲ, ತಿಳೀತೇನು, ತಿಳೀತ್ರೀ ಮೇಡಂ.

ಪರದೆ ಸರೀತು, ಈ ಸಲ ನಿಜವಾಗಿ ಸರೀತು, ಹಡಗಲಿ ಕಡಿ ಹುಡುಗಿ ಒಬ್ಬಾಕಿ ಹೊರಗ ಬಂದ್ಳು, ಕಣ್ಣು ಕೆಂಪಗ, ಏನವ್ವಾ ಏನು ಕೇಳಿದ್ರು ಅಂತ ಎಲ್ಲಾರೂ ಮುತ್ತಿದ್ರ ಒಳಗ ಕುರ್ಚಿನೇ ಇಲ್ರೀ ಅಂದ್ಳು, ನಿಲ್ಲಿಸೇ ಕೇಳ್ತಾರರೀ, ನಮ್ಮ ಕುರ್ಚಿ ಮ್ಯಾಲ ಸೆಕ್ರೆಟರಿ ಬೀಗ್ರು ಬಂದು ಕುಂತಾರರೀ, ನನಗ ನನ್ನ ಹೆಸರೇ ಮರ್ತುಹೋತ್ರೀ — ಕುರ್ಚಿ ಇಲ್ಲ! ಗಂಗಾಂಬಿಕಾ ವರ್ಷಪೂರ್ತಿ ಕುಂಡ್ರಾಕ ಕಲಿಸಿದ್ದು, ನಿಂದ್ರಾಕ ಯಾರು ಕಲಸ್ಯಾರ, ನಿಂದ್ರೋದನ್ನ ಅಕಿ ಹುಟ್ಟಿದಾಗಿಂದ ಕಲತಾಳ, ಅವರ ಮುಂದ ನಿಂತಳೋ ಮುಗೀತು, ಕೈ ತಾನೇ ಬಾಯಿಗೆ ಹೋಗ್ತೈತಿ, ತಲಿ ತಗ್ಗ್ತೈತಿ, ಹೂಂನ್ರಿ ಇಲ್ರಿ ಹೂಂನ್ರಿ ಇಲ್ರಿ, ಅಷ್ಟೇ, ಸೋಮವಾರ ಬೊಮ್ಮಪ್ಪನ ಮನಿ ಮುಂದ ಜೋಗಪ್ಪ, ಅಯ್ಯ ನನ್ನ ಶನಿವಾರಗಳೆಲ್ಲಾ ನೀರಾಗ ಹೋದುವಲ್ಲ. ಮಾರೆಮ್ಮ ಜೋಗಪ್ಪ ತಂಬ್ರಹಳ್ಳಿ, ಜವಾನ ಸುಂಕಪ್ಪ ಕೂಗಿದ, ಮಾರೆಮ್ಮ ಕಂಬ ಬಿಟ್ಟು ಬಂದ್ಳು, ಮೇಡಂ ಮುಖ ನೋಡಿದ್ಳು, ಕುರ್ಚಿ ಇಲ್ಲಂತ ಕಣಲೇ ಅನ್ನಬೇಕಂತ ಗಂಗಾಂಬಿಕಾ ಬಾಯಿ ತಗಿಯೋದ್ರಾಗ ಪರದೆ ಆ ಹುಡುಗೀನ್ನ ನುಂಗಿತು. ಒಳಗಿಂದ ಕೇಳ್ತು, ನಮಸ್ಕಾರರೀ. ಹೆಸರು? ಮಾರೆಮ್ಮ ರೀ. ದನಿ ಸಣ್ಣದೈತಿ, ಆದ್ರ ಕೈ ಅಡ್ಡ ಬಂದಿಲ್ಲ, ಕೈ ಅಡ್ಡ ಬಂದ್ರ ದನಿ ಬ್ಯಾರೆನೇ ಕೇಳ್ತೈತಿ, ನನಗ ಗೊತ್ತು. ಫ್ಯಾನು ಕಟಕಟ ಅಂತೈತಿ. ಮಾತಾಡಲೇ, ಏನರ ಮಾತಾಡು, ಕಪ್ಪೆ ಹೃದಯದ ಬಗ್ಗೆ ಮಾತಾಡು — ಕುಂಡ್ರಬಹುದೇನ್ರಿ ಸರ್?

ಕುಂಡ್ರಬಹುದೇನ್ರಿ ಸರ್ ಅಂತ! ಕೇಳಿದ್ಳು! ಕೂತ್ಕೋ ಅಂದ್ರೆ ಎಲ್ಲಿ ಕೂತ್ಕೋತೀಯ, ಕುರ್ಚಿ ಖಾಲಿ ಇಲ್ಲ ಅಂತ ಸೆಕ್ರೆಟರಿ ದನಿ, ಹೊರಗ ಒಂದು ಐತ್ರೀ ಸರ್, ತರ್ತೀನಿ ಅಂತ ಇಕಿ ದನಿ, ಹೊರಗ? ಹೊರಗೆಲ್ಲೈತಿ ಕುರ್ಚಿ ಅಂತ ಗಂಗಾಂಬಿಕಾ ಸುತ್ತಮುತ್ತ ನೋಡಿದ್ಳು, ಎಲ್ಲಾ ಕಲ್ಲುಕಟ್ಟಿನೇ, ಮೇಡಮ್ಮೋರು ಅಂತ ಸುಂಕಪ್ಪ ತಂದು ಹಾಕಿದ ಕೆಂಪು ಪ್ಲಾಸ್ಟಿಕ್ ಕುರ್ಚಿ ಒಂದೇ, ಅದರ ಮ್ಯಾಲ ತಾನೇ ಕುಂತಾಳ, ಅಷ್ಟರಾಗ ಮಾರೆಮ್ಮ ಎದುರಿಗೆ ಬಂದು ನಿಂತಾಳ, ಏಳ್ರಿ ಮೇಡಂ, ಕುರ್ಚಿ ಬೇಕಾಗೈತಿ. ಜೋಗಪ್ಪ ದಿಗ್ಗನೆ ಎದ್ದ, ಏಯ್, ಮೇಡಮ್ಮೋರ್ನ ಎಬ್ಬಸ್ತೀಯೇನಲೇ, ಬುದ್ಧಿ ಐತೇನು ನಿನಗ, ಕಟ್ಟಿ ಮ್ಯಾಲಿನ ಹುಡುಗೇರು ಕಣ್ಣು ಬಿಟ್ಟರು, ಸುಂಕಪ್ಪ ಹಾಂ ಹಾಂ ಅಂತ ಅಡ್ಡ ಬಂದ, ಗಂಗಾಂಬಿಕಾ ಎದ್ದಳು, ಎಷ್ಟು ಗಡಬಡಿಸಿ ಎದ್ದಳಂದ್ರ ಸೀರಿ ನಿರಿಗಿ ಕಾಲಿಗೆ ಸಿಕ್ಕಿತು, ತಗಾ, ತಗಂಡು ಹೋಗು! ಎರಡೂ ಕೈಲೆ ಕುರ್ಚಿ ಎತ್ತಿಕೊಂಡು ಹೋದ್ಳು ಹುಡುಗಿ, ಕುರ್ಚಿ ಕಾಲಿಗೆ ಪರದೆ ಸಿಕ್ಕಿ ಒಂದು ಕಡಿ ಸರದು ಹಂಗೇ ನಿಂತಿತು, ಈಗ ಎಲ್ಲಾ ಕಾಣ್ತೈತಿ, ಮೇಜು, ಸೆಕ್ರೆಟರಿ, ಬೀಗರ ಹೊಟ್ಟಿ, ನಡುವ ಬೆಳ್ಳನ ಕೂದಲ ಡಾಕ್ಟರಮ್ಮ, ಮಾರೆಮ್ಮ ಕುರ್ಚಿ ಇಟ್ಟು, ಸರಿಮಾಡಿ, ಕುಂತ್ಳು, ಪೂರ್ತಿ ಕುಂತ್ಳು, ಬೆನ್ನು ಹಚ್ಚಿ ಕುಂತ್ಳು, ಬಲಗೈ ಮೊಳಕೈ ಕುರ್ಚಿಯ ಕೈ ಮ್ಯಾಲ ಇಟ್ಟಳು — ಅದನ್ನ ಯಾರು ಹೇಳಿಕೊಟ್ಟಿದ್ರು? ಕೈ ತೊಡಿ ಮ್ಯಾಲ ಅಂತ ಹೇಳಿದ್ದು, ಬೆತ್ತದ ಕುರ್ಚಿಗೆ ಕೈಗಳೇ ಇರಲಿಲ್ಲ, ಈ ಮೊಳಕೈ ಅಕಿದೇ, ಸ್ವಂತದ್ದು.

ಏನಮ್ಮ ಇದು, ನಿಮ್ಮನೆ ಅನ್ಕೊಂಡಿದೀಯಾ ಅಂದ್ರು ಸೆಕ್ರೆಟರಿ, ಇಲ್ರೀ ಸರ್, ನಮ್ಮನಿಯಾಗ ಕುರ್ಚಿ ಇಲ್ರೀ ಅಂದ್ಳು ಮಾರೆಮ್ಮ, ಹುಡುಗಾಟಕ್ಕಲ್ಲ, ಇದ್ದದ್ದನ್ನ ಇದ್ದಂಗ, ಡಾಕ್ಟರಮ್ಮ ಕನ್ನಡಕ ತಗದು ನಕ್ಕರು, ಜೋರಾಗಿ ನಕ್ಕರು, ಸಿದ್ದಲಿಂಗನ್ನ ನೋಡಿ ಆ ಸಾಹೇಬ್ರು ನಕ್ಕಂಗಲ್ಲ, ಬ್ಯಾರೆ ನಗು, ನಕ್ಕು ಕೇಳಿದ್ರು, ನಮ್ಮ ಮುಂದೆ ಕೂತೆ ಸರಿ, ಪೇಷಂಟ್ ಮುಂದೆ ಏನ್ ಮಾಡ್ತೀಯಾ? ಅಲ್ಲೂ ಕುಂಡ್ರತೀನ್ರಿ, ಮಲಗಿದವರ ತಲಿ ಮ್ಯಾಲ ನಿಂತು ಮಾತಾಡಿದ್ರ ಅವರಿಗೆ ಹೆದರಿಕಿ ಆಗ್ತೈತ್ರಿ, ಮಗ್ಗಲಾಗ ಕುಂತು ಕೇಳಿದ್ರ ಬ್ಯಾನಿ ಎಲ್ಲೈತಂತ ಹೇಳ್ತಾರ್ರಿ, ನಮ್ಮಜ್ಜಿಗೆ ಹಂಗೇ ಕೇಳ್ತಿದ್ದೆರೀ. ಆಮ್ಯಾಲ ರಕ್ತದ ಬಗ್ಗೆ ಕೇಳಿದ್ರು, ಹೃದಯದ ಬಗ್ಗೆ ಕೇಳಿದ್ರು, ಇಕಿ ಹೇಳಿದ್ದೇ ಹೇಳಿದ್ದು, ಬೀಗರು ಸುದ್ದಾ ಮುಂದ ಬಗ್ಗಿ ಕೇಳಿದ್ರು, ಮಾತಿನ ನಡುವ ಎಡಗೈ ಹಾರ್ತಿತ್ತು, ಬಲಗೈ ಮೊಳಕೈ ಮಾತ್ರ ಅಲ್ಲೇ, ಕೆಂಪು ಕುರ್ಚಿ ಮ್ಯಾಲ, ಕದಲಲಿಲ್ಲ, ಡಾಕ್ಟರಮ್ಮ ಸೆಕ್ರೆಟರಿ ಕಡಿ ನೋಡಿದ್ರು, ಸೆಕ್ರೆಟರಿ ಗಂಟಲು ಸರಿಮಾಡಿಕೊಂಡು ತಲಿ ಆಡಿಸಿದ್ರು, ಜೂನ್‌ಗೆ ಶುರುವಾಗುತ್ತೆ, ಹಾಸಿಗೆ ಮಾತ್ರ ನೀನೇ ತರಬೇಕು ಅಂದ್ರು ಡಾಕ್ಟರಮ್ಮ, ಸುಂಕಪ್ಪಾ, ಇನ್ನು ಬರೋ ಹುಡುಗೀರಿಗೂ ಈ ಕುರ್ಚಿ ಇಲ್ಲೇ ಇರ್ಲಿ. ಮೇಡಮ್ಮೋರ, ಜೋಗಪ್ಪ ಕಿವಿ ಹತ್ತಿರ ಪಿಸುಗುಡ್ತಾನ, ಹಾಸಿಗಿ ತರಬೇಕಂದ್ರಲ್ರೀ, ಅಂದ್ರ ಏನ್ರೀ, ಅಂದ್ರ ಸಿಕ್ತು ಜೋಗಪ್ಪ, ಸೀಟು ಸಿಕ್ತು, ನಿಮ್ಮ ಮಗಳಿಗೆ ಸೀಟು ಸಿಕ್ತು, ಸಿಕ್ತೇನ್ರೀ, ಸಿಕ್ತು! ಒದರಬೇಕು ಅನ್ನಿಸ್ತೈತಿ, ಹರಪನಹಳ್ಳಿಯಿಂದ ಹಗರಿಬೊಮ್ಮನಹಳ್ಳಿ ತನಕ ಕೇಳೋಹಂಗ ಒದರಬೇಕು, ಹಾಲಸ್ವಾಮಿ ಸಾಹೇಬ್ರ ಹಾಡು ಹಚ್ಚ್ರಿ ಈಗ, ಡೋಲು ಬಾರಸ್ರಿ, ಕಾಲು ನೋಯಾಕ ಹತ್ತ್ಯಾವ ನಿಂತು ನಿಂತು, ನೋಯ್ಲಿ, ಕುಂಡ್ರಾಕ ಮನಸಿಲ್ಲ, ಕಣ್ಣೀರು ಇಳಿದು ಬಾಯಿಗೆ ಬಂದಾವ, ಉಪ್ಪು, ಒರಸಿಕೊಳ್ಳಾಕ ಆಗವಲ್ದು, ಒರಸಿಕೊಂಡ್ರ ಒಂದು ಗಳಿಗಿ ಕಣ್ಣು ಮುಚ್ಚಬೇಕಾಗ್ತೈತಿ, ಮುಚ್ಚಿದ್ರ ಅದು ಕಾಣಂಗಿಲ್ಲ, ಕಿಟಕಿ ಬಿಸಿಲು ಅದರ ಮ್ಯಾಲೇ ಬಿದ್ದೈತಿ, ಕಪ್ಪನ ಮೊಳಕೈ, ಬಳಿ ಇಲ್ಲದ್ದು, ಕೆಂಪು ಕುರ್ಚಿಯ ಕೈ ಮ್ಯಾಲ, ಆರಾಮ, ಪೂರ್ತಿ ಆರಾಮ, ಮಾರೆಮ್ಮನ ಮೊಳಕೈ, ಆ ಮೊಳಕೈ.