ಎತ್ತರದಲ್ಲಿ ಹದಿನಾರು

ಮತ್ತೆ ಹದಿನಾರೇ. ಮಾಹ್‌ರೊಖ್ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಬಾಗಿದಳು. ಕಾಡು ಈರುಳ್ಳಿಯ ಬೇರಿನ ತುದಿಯ ಜೀವಕೋಶದೊಳಗೆ ಬಣ್ಣ ಹೀರಿದ ವರ್ಣತಂತುಗಳು ಚೆಲ್ಲಿದ ಜೀರಿಗೆಯಂತೆ ಬಿದ್ದಿದ್ದವು. ಇನ್ನೊಂದು ಗಾಜಿನ ಪಟ್ಟಿ ಇಟ್ಟು ನೋಡಿದಳು. ಅದರಲ್ಲೂ ಅಷ್ಟೇ.

"ಇದು ಎಲ್ಲಿಂದ ತಂದದ್ದು ಅಂದೆ?"

"ದರೆಬೀದ್‌ನಿಂದ, ಉಸ್ತಾದ್. ಊರಿನ ಮೇಲಿನ ಇಳಿಜಾರು. ಅಲ್ಲಿನ್ನೂ ಹಿಮ ಕರಗಿರಲಿಲ್ಲ," ಅಂದ ಅರ್ದವಾನ್. ಅವಳ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಬಖ್ತಿಯಾರಿ ಬುಡಕಟ್ಟಿನ ಹುಡುಗ.

ಗೋಡೆಯ ಮೇಲೆ ಜಾಗ್ರೋಸ್ ಬೆಟ್ಟಸಾಲಿನ ನಕಾಶೆ ಇತ್ತು. ಕೆಳಗಿನ ಬಿಸಿಲುಕಣಿವೆಗಳಲ್ಲಿ ಬೆಳೆದ ಕಾಡು ಈರುಳ್ಳಿಗೆ ಹದಿನಾರು ವರ್ಣತಂತು; ಅಲ್ಲೆಲ್ಲ ಕೆಂಪು ಗುಂಡುಪಿನ್ನು. ಮೇಲಿನ ಚಳಿಸೀಮೆಯದಕ್ಕೆ ಅದರ ಎರಡರಷ್ಟು, ಮೂವತ್ತೆರಡು, ಅಲ್ಲೆಲ್ಲ ನೀಲಿ. ಎರಡರ ನಡುವಿನ ಗೆರೆ ಎಲ್ಲೂ ತಪ್ಪದಂತೆ ಹರಿದಿತ್ತು. ಅದನ್ನು ಎಳೆಯುವುದರಲ್ಲೇ ಮಾಹ್‌ರೊಖ್‌ಳ ಏಳು ವರ್ಷ ಕಳೆದಿತ್ತು. ದರೆಬೀದ್ ಇದ್ದದ್ದು ನೀಲಿಗಳ ನಟ್ಟನಡುವೆ. ಅಲ್ಲಿಂದ ಹದಿನಾರು ಹೇಗೆ ಬಂದೀತು? ಅರ್ದವಾನ್‌ನ ಸೋದರತ್ತೆಯ ಊರು ಕೆಳಗಿನ ಕಣಿವೆಯಲ್ಲಿ, ಬಸ್ಸಿನ ದಾರಿಯಲ್ಲೇ ಇತ್ತು. ಅತ್ತೆ ಮನೆಯಲ್ಲಿ ಉಂಡು, ಹಿತ್ತಲಾಚೆ ನಾಲ್ಕು ಗಡ್ಡೆ ಕಿತ್ತು, ಮೇಲಿನದೆಂದು ತಂದಿದ್ದರೆ?

ಹಿಂದೊಬ್ಬ ವಿದ್ಯಾರ್ಥಿ ಹಾಗೇ ಮಾಡಿದ್ದ. ಅಚ್ಚಾದ ಪ್ರಬಂಧವನ್ನು ಅವಳು ಹಿಂತೆಗೆದುಕೊಳ್ಳಬೇಕಾಗಿ ಬಂದಿತ್ತು. ಅವತ್ತಿನ ಸಭೆಯಲ್ಲಿ ಸಹೋದ್ಯೋಗಿಗಳು ತುಟಿ ಬಿಗಿಹಿಡಿದು ನಕ್ಕದ್ದು ಅವಳಿಗೆ ಮರೆತಿರಲಿಲ್ಲ.

"ನೀನು ಮೇಲಕ್ಕೆ ಹೋಗಿದ್ದೆ ತಾನೆ?"

"ಹೋಗದೆ? ಕಾಲಲ್ಲಿ ಬೊಬ್ಬೆ ಇನ್ನೂ ಇದೆ, ತೋರಿಸ್ಲಾ?" ಅವನು ನಕ್ಕ.

ಉತ್ತರ ತೀರಾ ಸಲೀಸಾಗಿ ಬಂತು ಅನ್ನಿಸಿತು ಅವಳಿಗೆ. "ಬೇಡ. ಗುರುವಾರ ಇಬ್ಬರೂ ಹೋಗಿ ಬರೋಣ."

ಅವನ ನಗು ನಿಂತಿತು. "ನಂಬಿಕೆ ಇಲ್ವಾ, ಉಸ್ತಾದ್?"

"ಇನ್ನಷ್ಟು ಗಡ್ಡೆ ಬೇಕು," ಅಂದಳು.

ವಿಶ್ವವಿದ್ಯಾಲಯದ ಜೀಪನ್ನು ಅವಳೇ ಓಡಿಸಿದಳು. ಕೆಳಗಿನ ಕಣಿವೆ ಬಂದಾಗ ಅರ್ದವಾನ್, "ಅತ್ತೆ ಮನೆ ಅದೇ. ಇಳಿದು ಚಹಾ ಕುಡಿಯೋಣ್ವಾ?" ಅಂದ. ರಸ್ತೆಯ ಎರಡೂ ಬದಿಗೆ ಕಾಡು ಈರುಳ್ಳಿಯ ನೇರಳೆ ಹೂಗಳು ಒತ್ತಾಗಿ ಅರಳಿದ್ದವು. ತಡಮಾಡಿಸಲು ನೋಡುತ್ತಿದ್ದಾನೆಯೇ? "ವಾಪಸ್ ಬರ್ತಾ ನೋಡೋಣ," ಎಂದು ಅವಳು ವೇಗ ಹೆಚ್ಚಿಸಿದಳು.

ದರೆಬೀದ್‌ನ ಮೊದಲ ಮನೆಯ ಮುಂದೆ ಗೋಲಂದಾಮ್ ಎಂಬ ಹೆಂಗಸು ಮಜ್ಜಿಗೆಯ ಗಟ್ಟಿಯನ್ನು ಉಂಡೆ ಕಟ್ಟಿ ಒಣಗಿಸಲು ಇಡುತ್ತಿದ್ದಳು. ಜೀಪಿನ ಕೆಂಪು ಸರಕಾರಿ ನಂಬರು ಫಲಕ ಕಂಡದ್ದೇ ಎದ್ದು ನಿಂತು, ಬಟ್ಟೆ ಮುಚ್ಚಿದ ಬುಟ್ಟಿಯೊಂದನ್ನು ಕಾಲಿನಿಂದ ಬಾಗಿಲ ಹಿಂದಕ್ಕೆ ತಳ್ಳಿದಳು. ಮಾಹ್‌ರೊಖ್ ಅದನ್ನು ಗಮನಿಸಿದಳು. ತಾನು ಯಾರೆಂದು ಬೇಕೆಂದೇ ಹೇಳಲಿಲ್ಲ. ಹೇಳಿದರೆ ಅರ್ದವಾನ್ ಮೊದಲೇ ಹೇಳಿಕೊಟ್ಟ ಮಾತೇ ಹೊರಬರಬಹುದು.

"ಈ ಹುಡುಗ ಇಲ್ಲಿಗೆ ಬಂದು ಗಡ್ಡೆ ಅಗೆದಿದ್ದಾನಾ? ನಿಜ ಹೇಳಿ."

ಗೋಲಂದಾಮ್ ಫಲಕವನ್ನು ನೋಡಿದಳು, ಮಾಹ್‌ರೊಖ್‌ಳ ಬೂಟು ನೋಡಿದಳು, ಕೊನೆಗೆ ಅರ್ದವಾನ್‌ನನ್ನು ನೋಡಿದಳು. "ಇವನಾ? ಇಲ್ಲಪ್ಪ. ಈ ಮುಖ ಕಂಡೇ ಇಲ್ಲ."

"ಚಿಕ್ಕಮ್ಮಾ, ಏನು ತಮಾಷೆ ಇದು? ನಿಮ್ಮನೇಲೇ ಅಲ್ವಾ ನಾನು ಮಲಗಿದ್ದು!"

"ನಮ್ಮನೇಲಾ? ಇನ್ಯಾರ ಮನೆನೋ ನೆನಸ್ಕೊಂಡಿದ್ದೀಯ ಮಗಾ. ಇಲ್ಲಿ ಯಾರೂ ಬರಲ್ಲ, ಏನೂ ಅಗೆಯಲ್ಲ. ಗಡ್ಡೆ ಅಂದ್ರೇನು ಅಂತಾನೇ ನಮಗೆ ಗೊತ್ತಿಲ್ಲ."

ಆಗ ಅರ್ದವಾನ್ ಕೂಡ ಫಲಕದ ಕಡೆ ನೋಡಿದ. "ಉಸ್ತಾದ್, ನಿಮ್ಮನ್ನ ಅರಣ್ಯದವರು ಅಂದ್ಕೊಂಡಿದ್ದಾರೆ. ಗಡ್ಡೆ ಕಿತ್ತರೆ ದಂಡ ಹಾಕ್ತಾರಲ್ಲ. ನನ್ನ ಉಳಿಸೋಕೆ ಸುಳ್ಳು ಹೇಳ್ತಿದ್ದಾರೆ."

"ನಿನ್ನ ಉಳಿಸೋರಿಗೇನು ಕಡಿಮೆ? ಅತ್ತೆ ಮನೆ ಸುತ್ತಾನೇ ಈರುಳ್ಳಿ ಎಷ್ಟು ಸೊಂಪಾಗಿ ಬೆಳೆದಿದೆ, ದಾರೀಲೇ ನೋಡಿದೆ."

ಮಾತಿನ ಅರ್ಥ ಅವನಿಗೆ ತಟ್ಟಲು ಸ್ವಲ್ಪ ಹೊತ್ತು ಹಿಡಿಯಿತು. ಕಿವಿ ಕೆಂಪಗಾದವು. ಅಗೆಯುವ ಚಿಕ್ಕ ಸಲಿಕೆಯನ್ನು ಸದ್ದಾಗದಂತೆ ಬಾನೆಟ್ಟಿನ ಮೇಲಿಟ್ಟು, ಹಿಂದಿನ ಸೀಟಿನಿಂದ ತನ್ನ ಚೀಲ ತೆಗೆದುಕೊಂಡ. "ಇಳಿಜಾರು ಆ ಬಂಡೆ ಹಿಂದೆ ಇದೆ," ಎಂದಷ್ಟೇ ಹೇಳಿ ಬಂದ ದಾರಿಯಲ್ಲೇ ಇಳಿದು ನಡೆದ.

ತಪ್ಪು ಮಾಡದವನಾದರೆ ನಿಂತು ವಾದಿಸುತ್ತಿರಲಿಲ್ಲವೇ ಎಂದುಕೊಂಡಳು ಮಾಹ್‌ರೊಖ್. ಅವನು ತಿರುವಿನಲ್ಲಿ ಮರೆಯಾದ ಮೇಲೆ ಗೋಲಂದಾಮ್ ಹತ್ತಿರ ಬಂದಳು.

"ಖಾನುಂ, ಹುಡುಗನ ಮೇಲೆ ಕೇಸು ಹಾಕ್ತೀರಾ?"

"ನಾನು ಅರಣ್ಯದವಳಲ್ಲ. ಅವನಿಗೆ ಪಾಠ ಹೇಳೋಳು."

"ಹೋದ ವರ್ಷ ಬಂದವರೂ ಬೆಟ್ಟ ನೋಡೋಕೆ ಬಂದ್ವಿ ಅಂದ್ರು. ಚಹಾ ಕುಡಿದು ದಂಡ ಬರೆದು ಹೋದ್ರು."

ಮಾಹ್‌ರೊಖ್‌ಗೆ ಸಿಟ್ಟು ಬಂತು. ಬಾನೆಟ್ಟಿನ ಮೇಲಿನ ಸಲಿಕೆಗೆ ಕೈ ಚಾಚಿದಳು. ಗೋಲಂದಾಮ್ ಆ ಕೈಯನ್ನೇ ದಿಟ್ಟಿಸಿದಳು. ಬೆರಳ ತುದಿಗಳು ಪ್ರಯೋಗಾಲಯದ ಬಣ್ಣಕ್ಕೆ ಕಂದಾಗಿದ್ದವು.

"ಅವನ ಬೆರಳೂ ಹೀಗೇ ಇತ್ತು. ಗೋರಂಟಿನಾ ಅಂತ ನಮ್ಮನೆಯವರು ಚುಡಾಯಿಸಿದ್ರು. ಗಡ್ಡೆ ಬೇರಿಗೆ ಹಾಕೋ ಬಣ್ಣ, ತೊಳೆದರೂ ಹೋಗಲ್ಲ ಅಂದ." ಅವಳ ದನಿ ಇಳಿಯಿತು. "ಹಾಗಾದ್ರೆ ಆ ಉಸ್ತಾದ್ ನೀವೇನಾ?"

"ಯಾವ ಉಸ್ತಾದ್? ಏನು ಹೇಳಿದ?"

"ನೀವು ಯಾವುದನ್ನೂ ಸುಮ್ಮನೆ ನಂಬಲ್ಲವಂತೆ. ಒಂದನ್ನೇ ಹತ್ತು ಸಲ ನೋಡ್ತೀರಂತೆ. ಇಂಥೋಳ ಕೈಲಿ ಸಿಕ್ಕಿದ್ದೀಯ, ನಿನಗೆ ಹೆಂಡತಿ ಯಾಕೆ ಬೇಕೋ ಅಂತ ನಮ್ಮನೆಯವರು ನಗಾಡಿದ್ರು. ಅವನು ನಗಲಿಲ್ಲ. ನಾನೂ ಅವರ ಹಾಗೇ ಆಗ್ಬೇಕು ಅಂದ."

ಮಾಹ್‌ರೊಖ್ ಸಲಿಕೆ ಹಿಡಿದು ಬಂಡೆಯ ಕಡೆ ಹತ್ತಿದಳು. ಅಲ್ಲಿ ಹೂಬಿಟ್ಟ ಗಿಡಗಳ ನಡುವೆ ಅಲ್ಲಲ್ಲಿ ಅಗೆದು ಮುಚ್ಚಿದ ಗುಳಿಗಳಿದ್ದವು. ಒಂದೊಂದರ ಮೇಲೂ ಮಣ್ಣು ಕೊಚ್ಚಿಹೋಗದಂತೆ ಚಪ್ಪಟೆ ಕಲ್ಲು ಹೇರಲಾಗಿತ್ತು. ಹಾಗೆ ಹೇರಬೇಕೆಂದು ಕಲಿಸಿದವಳು ಅವಳೇ. ಆದರೂ ಮನಸ್ಸು ಸುಮ್ಮನಾಗಲಿಲ್ಲ: ಆಗ ಒಂದು ಸುಳ್ಳು ಹೇಳಿದವಳು ಈಗ ಇನ್ನೊಂದು ಹೇಳಲಾರಳೇ? ಈ ಗುಳಿಗಳು ಮಾರಲು ಕಿತ್ತವರದ್ದಾಗಿರಬಾರದೇ? ಮಾರಲು ಕೀಳುವವರು ಕಲ್ಲು ಹೇರುತ್ತಾರೆಯೇ?

ಮಂಡಿಯೂರಿ ಒಂದು ಗಿಡ ಕಿತ್ತಳು. ಗಡ್ಡೆ ತಣ್ಣಗೆ ಅಂಗೈಯಲ್ಲಿ ಕೂತಿತು, ಬೇರೆಲ್ಲಾ ಗಡ್ಡೆಗಳ ಹಾಗೆಯೇ. ಒಳಗೆ ಹದಿನಾರೋ ಮೂವತ್ತೆರಡೋ, ಹೊರಗಿಂದ ಏನೂ ತಿಳಿಯುವಂತಿರಲಿಲ್ಲ. ಹದಿನಾರೇ ಆಗಿದ್ದರೆ ಏಳು ವರ್ಷದ ಗೆರೆಯನ್ನು ಮತ್ತೆ ಎಳೆಯಬೇಕು. ತಾನು ಕಾಪಾಡಿಕೊಳ್ಳುತ್ತಿದ್ದದ್ದು ಸತ್ಯವನ್ನಲ್ಲ, ಆ ಗೆರೆಯನ್ನೇನೋ ಅನ್ನಿಸಿ ಅವಳಿಗೆ ನಾಚಿಕೆಯಾಯಿತು. ಅರ್ದವಾನ್‌ನ ಮಾತಿಗೆ ಇನ್ನೊಂದು ಸಾಕ್ಷಿ ಬೇಡವೆನ್ನಿಸಿತು; ಗಡ್ಡೆಯನ್ನು ಚೀಲಕ್ಕೆ ಹಾಕಿಕೊಳ್ಳಲಿಲ್ಲ. ಮತ್ತೆ ಮಣ್ಣಿಗಿಟ್ಟು ಕೈಯಿಂದ ಒತ್ತಿದಳು.

ಜೀಪಿನಲ್ಲಿ ಇಳಿಯುವಾಗ ಮೂರನೇ ತಿರುವಿನಲ್ಲಿ ಅವನು ಕಂಡ. ಚೀಲ ಒಂದೇ ಹೆಗಲಿಗೆ ಜೋತಿತ್ತು. ಒಂದು ಕಾಲನ್ನು ಕೊಂಚ ಎಳೆಯುತ್ತಿದ್ದ. ಅವಳು ವೇಗ ತಗ್ಗಿಸಿ ಕಿಟಕಿಯ ಗಾಜು ಇಳಿಸಿದಳು. ಹಿಂದೆ ಗಾಡಿಯ ಸದ್ದು ಕೇಳಿದರೂ ಅರ್ದವಾನ್ ತಿರುಗಿ ನೋಡಲಿಲ್ಲ. ಅದು ದಾಟಿ ಹೋಗಲೆಂದು ರಸ್ತೆಯ ಅಂಚಿಗೆ, ಸಡಿಲ ಕಲ್ಲುಗಳ ಮೇಲಕ್ಕೆ ಸರಿದು ನಡೆಯತೊಡಗಿದ. ಮಾಹ್‌ರೊಖ್ ದಾಟಲಿಲ್ಲ. ಅವನ ನಡಿಗೆಯ ವೇಗಕ್ಕೇ ಜೀಪು ತೆವಳಿತು.