ಶುಕ್ರವಾರದ ಸರ

ಬಡವರಿಗೆ ಬಡತನ ಇದ್ದರೆ ಸಾಲದು ಸ್ವಾಮಿ, ಅದನ್ನು ನಾಲ್ಕು ಜನರಿಗೆ ತೋರಿಸುವುದಕ್ಕೂ ಬರಬೇಕು. ತಮಿಳು ಸೀಮೆಯ ಪಟ್ಟಣದಲ್ಲಿ, ತಿರುವಲ್ಲಿಕ್ಕೇಣಿಯ ವಠಾರದಲ್ಲಿದ್ದ ರತ್ನಾವತಿಗೆ ಮೊದಲನೆಯದು ಬೇಕಾದಷ್ಟಿತ್ತು, ಎರಡನೆಯದು ಬರುತ್ತಿರಲಿಲ್ಲ. ಕೋಟದ ಕಡೆಯ ಹೆಂಗಸು. ಗಂಡ ಸುಬ್ರಾಯ ಅದೇ ಪಟ್ಟಣದ ಪ್ಯಾರಿಸ್ ಕಾರ್ನರಿನ ಹೋಟೆಲೊಂದರಲ್ಲಿ ಅಡುಗೆಭಟ್ಟ. ಊಟ, ನಿದ್ದೆ ಎಲ್ಲ ಅಲ್ಲೇ, ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ರತ್ನಾವತಿ ಅದೇ ಹೋಟೆಲಿಗೆ ಹಪ್ಪಳ ಒತ್ತಿ ಕೊಡುತ್ತಿದ್ದಳು.

ಮಗಳು ವಿಮಲಾ ಮಾತ್ರ ಬೇರೆ ಮಣ್ಣು. ಪಿ.ಯು.ಸಿ.ಯಲ್ಲಿ ಗಣಿತಕ್ಕೆ ಇಡೀ ಕಾಲೇಜಿಗೇ ಮೊದಲು. ಆ ವರ್ಷದ ಫೀಸಿಗೆ ಅಮ್ಮನ ಕರಿಮಣಿಯ ಚಿನ್ನದ ಸರ ಸೇಠುವಿನ ಪೆಟ್ಟಿಗೆ ಸೇರಿತ್ತು. ತಾಳಿ ಮಾತ್ರ ಅರಿಶಿನದ ದಾರದಲ್ಲಿ ಉಳಿದಿತ್ತು. ಈಗ ಬಿ.ಎಸ್ಸಿ.ಗೆ ಅಡವಿಡಲು ಏನೂ ಇರಲಿಲ್ಲ. ಕಾಲೇಜಿನ ಬಡ ವಿದ್ಯಾರ್ಥಿನಿಯರ ನಿಧಿಗೆ ವಿಮಲಾ ಅರ್ಜಿ ಹಾಕಿದಳು. ಸಿಕ್ಕಿದರೆ ಮೂರು ವರ್ಷ ಓದು, ಸಿಗದಿದ್ದರೆ ಜುಲೈ ಕೊನೆಗೆ ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕುತ್ತಾರೆ.

ಅರ್ಜಿ ಹಾಕಿದವರ ಮನೆಗೆ ಕಮಿಟಿಯವರು ಬಂದು ನೋಡುವ ಪದ್ಧತಿ. ಇವರ ಮನೆಗೆ ಬರುವವರು ನಾಗಮಣಿ ಅಮ್ಮನವರು, ರೈಲ್ವೆ ದೊಡ್ಡ ಅಧಿಕಾರಿಯ ಹೆಂಡತಿ, ಮೈಸೂರಿನವರು ಎಂದು ಕಾಗದ ಬಂತು. ಶುಕ್ರವಾರ ಸಂಜೆ ನಾಲ್ಕಕ್ಕೆ.

"ಅಮ್ಮಾ, ಇದ್ದ ಹಾಗೇ ಇರು. ಏನೂ ಮಾಡ್ಬೇಡ," ಎಂದು ವಿಮಲಾ ನೂರು ಸಲ ಹೇಳಿದಳು.

"ಎಂತ ಮಾತು ಮಗಾ ಇದು? ಶುಕ್ರವಾರ, ಮುತ್ತೈದೆ ಮನೆಗೆ ಬರ್ತಾರೆ, ಅದೂ ನಮ್ಮ ಕನ್ನಡದವ್ರು. ನಾನು ಬೋಳು ಕುತ್ತಿಗೆಯಲ್ಲಿ ಕುಂಕುಮ ಕೊಡುದಾ? ನಾಳೆ ಅವ್ರು ಎಂತ ತಿಳ್ಕೊಳ್ತಾರೆ?"

ಆ ಶುಕ್ರವಾರ ವಿಮಲಾ ಕಾಲೇಜಿನಿಂದ ಓಡೋಡಿ ಬರುವಷ್ಟರಲ್ಲಿ ನಾಗಮಣಿ ಒಳಗೆ ಕುರ್ಚಿಯಲ್ಲಿ ಕೂತಾಗಿತ್ತು. ಕುರ್ಚಿ ಪಕ್ಕದ ಮನೆಯದು. ಅಮ್ಮನ ಕೊರಳಲ್ಲಿ ಎರಡೆಳೆಯ ಚಿನ್ನದ ಸರ. ಅದೂ ಪಕ್ಕದ ಮನೆಯದೇ, ಜಯಲಕ್ಷ್ಮಿಯದು. ಕೆಟ್ಟಿತು ಎಂದುಕೊಂಡಳು ವಿಮಲಾ. ಆದರೆ ನಿಜ ಹೇಳಬೇಕೆಂದರೆ, ಇನ್ನೊಂದು ಗಳಿಗೆಗೆ ಖುಷಿಯೂ ಆಯಿತು. ಎಷ್ಟು ವರ್ಷವಾಗಿತ್ತು ಅಮ್ಮನನ್ನು ಹಾಗೆ ನೋಡಿ! 'ಇದು ನಮ್ಮದಲ್ಲ' ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು. ಅವಳು ಬಾಗಿಲಿಗೆ ಒರಗಿ ಸುಮ್ಮನೆ ನಿಂತಳು.

ರತ್ನಾವತಿ ಗಟ್ಟಿ ಹಾಲಿನ ಕಾಫಿ ಕೊಟ್ಟಳು. ಹೊರಡುವಾಗ ಅರಿಶಿನ ಕುಂಕುಮ, ತೆಂಗಿನಕಾಯಿ, ಒಂದು ಹಸಿರು ರವಿಕೆ ಕಣ. ನಾಗಮಣಿ ಅವಳ ಹಣೆಗೂ ಕುಂಕುಮ ಇಟ್ಟರು. ರತ್ನಾವತಿ ಅಭ್ಯಾಸಬಲದಿಂದ ಸೆರಗಿನೊಳಗಿನ ತಾಳಿಯನ್ನು ಹೊರಗೆಳೆದು, ಕುಂಕುಮ ಮುಟ್ಟಿಸಿ, ಕಣ್ಣಿಗೊತ್ತಿಕೊಂಡು ಮತ್ತೆ ಒಳಗೆ ಸೇರಿಸಿದಳು. "ನಿಮ್ಮ ಮಗಳು ಜಾಣೆ," ಎಂದು ನಾಗಮಣಿ ನಕ್ಕು, ಕಣವನ್ನು ಚೀಲಕ್ಕೆ ಹಾಕಿಕೊಂಡು ಹೋದರು.

"ಕಂಡ್ಯಾ, ಎಷ್ಟು ಒಳ್ಳೆಯವ್ರು!" ರತ್ನಾವತಿ ರಾತ್ರಿಯಿಡೀ ಅದನ್ನೇ ಹೇಳಿದಳು.

ಹತ್ತು ದಿನಕ್ಕೆ ಪಟ್ಟಿ ಅಂಟಿಸಿದರು. ವಿಮಲಾಳ ಹೆಸರಿರಲಿಲ್ಲ. ಆಫೀಸಿನ ಗುಮಾಸ್ತ ಅಯ್ಯೋ ಪಾಪ ಎಂದು ವರದಿಯ ಒಂದು ಸಾಲು ಓದಿ ಹೇಳಿದ: ತಾಯಿಯ ಕೊರಳಲ್ಲಿ ಎರಡೆಳೆಯ ಚಿನ್ನದ ಸರವಿದೆ, ಸಹಾಯದ ಅಗತ್ಯವಿಲ್ಲ.

ವಿಮಲಾ ಬಸ್ಸಿಗೂ ಕಾಯದೆ ಎಗ್ಮೋರಿನವರೆಗೆ ನಡೆದು ನಾಗಮಣಿಯ ಮನೆ ಬಾಗಿಲಲ್ಲಿ ನಿಂತಳು. ಬಾಗಿಲು ತೆರೆದದ್ದು ಕೆಲಸದವಳು. ಅವಳ ಮೈಮೇಲೆ ಅದೇ ಹಸಿರು ಕಣದ ರವಿಕೆ.

"ಅಮ್ಮಾ, ಆ ಸರ ನಮ್ಮದಲ್ಲ. ಪಕ್ಕದ ಮನೆಯವರದು. ಬೇಕಾದ್ರೆ ಈಗಲೇ ಬಂದು ಕೇಳಿ," ಎಂದಳು, ಒಳಗೆ ಕೂತಿದ್ದ ನಾಗಮಣಿಗೆ.

ನಾಗಮಣಿ ಹೆಣೆಯುತ್ತಿದ್ದ ಮಲ್ಲಿಗೆಯಿಂದ ತಲೆ ಎತ್ತಲಿಲ್ಲ. "ಗೊತ್ತು ಕಣಮ್ಮ."

"ಗೊತ್ತಾ?"

"ನಿಮ್ಮಮ್ಮ ತಾಳಿ ಹೊರಗೆ ತೆಗೆದರಲ್ಲ, ದಾರ ಕಂಡಿತು. ಸ್ವಂತ ಸರ ಇದ್ದವಳು ತಾಳಿಯನ್ನ ದಾರದಲ್ಲಿ ಯಾಕೆ ಹಾಕ್ಕೋತಾಳೆ? ನಾನೂ ಹೆಂಗಸೇ ಅಲ್ಲವೇ."

"ಮತ್ತೆ ಯಾಕೆ ಹಾಗೆ ಬರೆದ್ರಿ?"

"ಇನ್ನೇನು ಬರೀಲಿ? ಕಮಿಟೀಲಿ ಎಲ್ಲ ತಮಿಳಿನವರು. ಚಿನ್ನ ಹಾಕ್ಕೊಂಡು ಕೂತವಳನ್ನ ಬಡವಳು ಅಂದರೆ, ತನ್ನ ಭಾಷೆಯವಳಿಗೆ ವಶೀಲಿ ಮಾಡಿದಳು ಅಂತ ಆಡಿಕೊಳ್ಳೋದಿಲ್ಲವೇ? ನನ್ನ ಮರ್ಯಾದೆ ನಾನು ನೋಡ್ಕೋಬೇಕು." ಹೂವಿನ ಮಾಲೆಯನ್ನು ಗಂಟು ಹಾಕಿ ಹಲ್ಲಿನಲ್ಲಿ ದಾರ ಕಡಿದರು. "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂತಾರಲ್ಲ, ಅದು ನಿಮ್ಮಮ್ಮನಿಗೇ ಸರಿ. ಬಿಸಿಲಲ್ಲಿ ಬಂದಿದ್ದೀಯ, ನೀರು ಕುಡಿದು ಹೋಗು."

ಇಂಥವರ ನಾಲಿಗೆಗೆ ಹುಳ ಬೀಳಬೇಕು. ಬೀಳುವುದಿಲ್ಲ, ಅದು ಬೇರೆ ಮಾತು. ವಿಮಲಾ ನೀರು ಕುಡಿಯಲಿಲ್ಲ.

ಮನೆಯಲ್ಲಿ ರತ್ನಾವತಿ ಹಪ್ಪಳದ ಹಿಟ್ಟು ಗುದ್ದುತ್ತಿದ್ದಳು. ಮಗಳ ನೆರಳು ಕಂಡದ್ದೇ ಮುಖ ಅರಳಿತು. "ಬಂದ್ಯಾ? ಪಟ್ಟಿ ಹಾಕಿದ್ರಾ? ನಾಗಮಣಿ ಅಮ್ಮ ಎಂತ ಬರ್ದಿದ್ರು? ನಮ್ಮವ್ರೇ ಅಲ್ದಾ, ಕೈ ಬಿಡುದಿಲ್ಲ."

ವಿಮಲಾಳಿಗೆ ಎಲ್ಲಿಂದ ಬಂತೋ ಆ ವಿಷ. ನಾಗಮಣಿಯ ಮುಂದೆ ಆಡಲಾಗದ ಮಾತೆಲ್ಲ ಇಲ್ಲಿ ಬಂತು.

"ಸಿಗ್ಲಿಲ್ಲ. ನಿನ್ನ ಕೊರಳಿನ ಚಿನ್ನ ನೋಡಿ ಕೊಡ್ಲಿಲ್ಲ. ಒಂದು ಸಂಜೆ ದೊಡ್ಡಸ್ತಿಕೆ ಮೆರೀಲಿಕ್ಕೆ ನನ್ನ ಓದನ್ನೇ ಹಾಳು ಮಾಡಿದಿಯಲ್ಲ! ನೀನು ಅಮ್ಮನಾ?"

ರತ್ನಾವತಿಯ ಕೈಯಲ್ಲಿ ಒನಕೆ ಹಾಗೇ ನಿಂತಿತು. ಹಿಟ್ಟಿನ ಕೈಯಲ್ಲೇ ಕೊರಳು ಮುಟ್ಟಿಕೊಂಡಳು. ಅಲ್ಲಿ ದಾರವೊಂದೇ ಇತ್ತು. ಆಮೇಲೆ ಬಹಳ ಮೆಲ್ಲಗೆ, ಸಿಟ್ಟಿಲ್ಲದೆ ಕೇಳಿದಳು:

"ಹೌದು ಮಗಾ, ನಾನು ಓದಿದವಳಲ್ಲ, ನಂಗೆ ಗೊತ್ತಾಗ್ಲಿಲ್ಲ. ನೀನು ಬಾಗಿಲಲ್ಲೇ ನಿಂತಿದ್ದಿಯಲ್ಲ. ನೀನಾದ್ರೂ ಒಂದು ಮಾತು ಹೇಳ್ಬಹುದಿತ್ತಲ್ದಾ?"

ವಿಮಲಾ ಪುಸ್ತಕದ ಚೀಲವನ್ನು ಮೊಳೆಗೆ ಸಿಕ್ಕಿಸಿ, ಅಮ್ಮನ ಎದುರು ಕೂತು, ಹಪ್ಪಳದ ಮಣೆ ಎಳೆದುಕೊಂಡಳು.