ಹೆಸರಿಲ್ಲದವರ ಪಟ್ಟಿ

ವೆಲ್ಡಿಂಗ್ ಕೆಲಸದ ಅಣ್ಣ ಪಕ್ಕದೂರಿಗೆ ಗೇಟು ಕೂರಿಸಲು ಹೋದವನು ಐದು ದಿನವಾದರೂ ಮರಳಿರಲಿಲ್ಲ. ಫೋನು ಸ್ವಿಚ್ ಆಫ್. ಪೊಲೀಸರಿಗೆ ದೂರು ಕೊಟ್ಟಾಗಿತ್ತು. ದರ್ಜಿ ತಂಗಿ ಮೊಬೈಲಿನಲ್ಲಿ ಅವನ ಹೆಸರು ಹಾಕಿ ಹಾಕಿ ಹುಡುಕಿದಳು. ಅದೇ ಹೆಸರಿನ ಡಾಕ್ಟರು, ವಕೀಲರು, ಒಬ್ಬ ಕುಸ್ತಿಪಟು ಕೂಡ ಬಂದರು, ಅಣ್ಣ ಬರಲಿಲ್ಲ.

ಕೊನೆಗೆ ಅಂಗಡಿಗೆ ಬೀಗ ಹಾಕಿ ಬೀದಿ ತುದಿಯ ಗ್ರಂಥಾಲಯಕ್ಕೆ ಹೋದಳು. ಗ್ರಂಥಪಾಲಕಿ ಅವಳ ಹಳೆಯ ಗಿರಾಕಿ.

"ಇದು ಎಲ್ಲಾ ಕಡೆ ಹೋಗಿ ನೋಡಲ್ಲ ಕಣಮ್ಮ," ಎಂದಳು ಆಕೆ, ಮೊಬೈಲು ಪಕ್ಕಕ್ಕಿಟ್ಟು. "ಆಸ್ಪತ್ರೆ ದಾಖಲೆ, ಕೋರ್ಟಿನ ದಾಖಲೆ ಎಲ್ಲ ಒಳಗೆಲ್ಲೋ ಇರ್ತವೆ. ನಾವೇ ಹೋಗಿ ಫಾರಂ ತುಂಬಿ ಕೇಳಿದ್ರೇನೇ ತೋರಿಸೋದು."

ಕಂಪ್ಯೂಟರಿನಲ್ಲಿ ಆರೋಗ್ಯ ಇಲಾಖೆಯ ಪುಟವೊಂದು ತೆರೆದುಕೊಂಡಿತು: ಗುರುತು ಸಿಗದವರ ಪಟ್ಟಿ. ಅದರಲ್ಲಿ ಹೆಸರು ಬರೆಯುವ ಜಾಗವೇ ಇರಲಿಲ್ಲ. ವಯಸ್ಸು, ಎತ್ತರ, ದಿನಾಂಕ. ಕೆಳಗೆ ಎರಡು ಚೌಕ. ಚಿಕಿತ್ಸೆಯಲ್ಲಿರುವವರು. ಮೃತರು.

"ಯಾವುದಕ್ಕೆ ಟಿಕ್ ಹಾಕ್ಲಿ?"

ದರ್ಜಿ ಎರಡನೇ ಚೌಕಕ್ಕೆ ಬೆರಳು ಅಡ್ಡವಿಟ್ಟಳು. "ಮೊದಲನೇದಕ್ಕೆ. ಇನ್ನೊಂದು ಈಗ್ಲೇ ಬೇಡ ಅಕ್ಕ."

ಮೂರು ದಾಖಲೆ ಬಂದವು. ಎರಡನೆಯದು: ಗಂಡಸು, ಸುಮಾರು ಐವತ್ತು, ಬಸ್ ನಿಲ್ದಾಣದಲ್ಲಿ ಕುಸಿದು ಬಿದ್ದದ್ದು, ಪ್ರಜ್ಞೆ ಇಲ್ಲ. ಎಡ ಮುಂಗೈ ಮೇಲೆ ಸುಟ್ಟ ಕಲೆಗಳು. ನೀಲಿ ಅಂಗಿ, ಒಳಗಡೆ ಕೈಯಲ್ಲಿ ಹೊಲಿದ ಜೇಬು.

ಆ ಜೇಬು ಅವಳೇ ಹೊಲಿದದ್ದು. ಬಸ್ಸಿನಲ್ಲಿ ಜೇಬುಗಳ್ಳರ ಕಾಟವೆಂದು ಅಣ್ಣ ಹಟ ಹಿಡಿದು ಹೊಲಿಸಿಕೊಂಡಿದ್ದ. ಪರ್ಸನ್ನು ಮಾತ್ರ ಒಂದು ದಿನವೂ ಅದರಲ್ಲಿ ಇಟ್ಟವನಲ್ಲ.

ದಾಖಲೆಯಲ್ಲಿದ್ದ ಆಸ್ಪತ್ರೆಯ ನಂಬರಿಗೆ ಫೋನು ಮಾಡಿ ವಿವರ ಹೇಳಿದಳು.

"ಆ ಬೆಡ್ ನಿನ್ನೆ ಖಾಲಿ ಆಯ್ತಲ್ಲ," ಎಂದಿತು ಆಚೆಯ ದನಿ.

"ಖಾಲಿ ಅಂದ್ರೆ?"

ಕಾಗದ ಮಗುಚುವ ಸದ್ದು. ಯಾರನ್ನೋ ಏನೋ ಕೇಳಿದ ಸದ್ದು. ದರ್ಜಿ ಗ್ರಂಥಪಾಲಕಿಯ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಮೇಲಿನ ವಾರ್ಡಿಗೆ ಹಾಕಿದಾರೆ. ಕಣ್ಣು ಬಿಟ್ಟಿದಾರಂತೆ. ನೀವು ಯಾರು?"

"ತಂಗಿ," ಎಂದಳು. ಫೋನಿಟ್ಟು ಬಸ್ಸಿಗೆ ಓಡಿದಳು.

ಜಿಲ್ಲಾಸ್ಪತ್ರೆಗೆ ಬಸ್ಸು ಎರಡು ಗಂಟೆ ತೆಗೆದುಕೊಂಡಿತು. ದಾರಿಯುದ್ದಕ್ಕೂ, ನೀಲಿ ಅಂಗಿ ಬೇರೆಯವನದಾಗಿದ್ದರೆ ಎಂಬ ಯೋಚನೆ ಅವಳನ್ನು ಕೊರೆಯಿತು.

ಬೇರೆಯವನದಾಗಿರಲಿಲ್ಲ. ಅಣ್ಣನ ಬಾಯಿ ಒಂದು ಪಕ್ಕಕ್ಕೆ ವಾಲಿತ್ತು, ಗಡ್ಡ ಬೆಳೆದಿತ್ತು. ಬಹಳ ಹೊತ್ತು ಅವಳನ್ನೇ ನೋಡಿದ.

"ಗೇಟು," ಎಂದು ತೊದಲಿದ. "ಕೂರಿಸಿಲ್ಲ."

"ಗೇಟು ಹಾಳಾಗ್ಲಿ, ಸುಮ್ನೆ ಮಲಕ್ಕೋ," ಎಂದು ಗದರಿದಳು. ಗದರುತ್ತಲೇ ಅವನ ಕೈಮೇಲೆ ಹಣೆಯಿಟ್ಟು, ಐದು ದಿನ ತಡೆದಿದ್ದ ಅಳುವನ್ನು ಅತ್ತು ಮುಗಿಸಿದಳು.